ಪೂಜೆಗಿಟ್ಟ ಬೀಗ

ನಗರಗೆರೆಯ ನಮ್ಮ ಮನೆಯಲ್ಲಿ ಬಚ್ಚಲಮನೆಯ ಬಾಗಿಲಿಗೆ ಹೊರಗಡೆಯೂ ಒಂದು ಚಿಲಕವಿದೆ. ಬೆಕ್ಕು ನುಗ್ಗದಿರಲಿ ಎಂದು ಅಮ್ಮ ಅದನ್ನು ಹಾಕುತ್ತಾಳೆ. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಕೊನೆಗೆ ಟಕ್ ಎಂದು ನಿಲ್ಲುವ ಸದ್ದು. ಅದು ಕೇಳಿದರೆ ಈಗಲೂ ಕೈಯಲ್ಲಿದ್ದ ತಟ್ಟೆಯನ್ನೋ ಪುಸ್ತಕವನ್ನೋ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ.

"ನಾನೇ ಕಣೇ, ನಾನೇ" ಎಂದು ಅಮ್ಮ ಅಲ್ಲಿಂದಲೇ ಕೂಗುತ್ತಾಳೆ.

ಅವಳೇ ಎಂದು ನನಗೂ ಗೊತ್ತು. ಅಷ್ಟರಲ್ಲಿ ನಾನು ಸಾದಲಿಯ ಹತ್ತಿರದ ಆ ಶೆಡ್ಡಿನೊಳಗೆ ಹೋಗಿ ನಿಂತಾಗಿರುತ್ತದೆ.

ಗೌರಿಬಿದನೂರಿನಲ್ಲಿ ರೇಷ್ಮೆ ಸ್ಕಾರ್ಫ್ ನೇಯ್ದು ಹೊರದೇಶಕ್ಕೆ ಕಳಿಸುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಎಂ.ಕಾಂ. ಮುಗಿಸಿ ಅಕೌಂಟ್ಸ್ ವಿಭಾಗಕ್ಕೆ ಸೇರಿದ್ದೆ. ಆಮೇಲೆ ಹೊರದೇಶದ ಗಿರಾಕಿಗಳು ಒಂದು ಹೊಸ ಪ್ರಶ್ನೆ ಕೇಳತೊಡಗಿದರು. ಬಟ್ಟೆ ನೇಯ್ದವರು ನೀವು, ಸರಿ. ನೂಲು ಯಾರದು? ಆ ನೂಲಿನ ಕೆಲಸ ಮಾಡುವವರು ತಮ್ಮ ಇಷ್ಟಕ್ಕೆ ಬಂದವರೋ, ಬೇಡವೆಂದ ದಿನ ಎದ್ದು ಹೋಗಬಲ್ಲರೋ? ಇದನ್ನು ನೋಡಿಕೊಂಡು ಬರಲು ಒಬ್ಬರು ಬೇಕಾಗಿತ್ತು. ಗಡಿಯ ಊರಿನವಳಾದ್ದರಿಂದ ನನಗೆ ಕನ್ನಡದಷ್ಟೇ ಸರಾಗವಾಗಿ ತೆಲುಗೂ ಬರುತ್ತದೆ. ನನ್ನನ್ನೇ ಕಳಿಸಿದರು.

ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಗೂಡು ಬೇಯಿಸಿ ಎಳೆ ತೆಗೆಯುವ ಫಿಲೇಚರ್, ಎಳೆಗಳನ್ನು ಸೇರಿಸಿ ಹುರಿ ಹಾಕುವ ಮಿಷನ್, ಕೊನೆಗೆ ನಾವು. ನೂಲಿನ ತುದಿ ಹಿಡಿದು ಹಿಂದಕ್ಕೆ ನಡೆಯುವುದೇ ನನ್ನ ಉದ್ಯೋಗವಾಯಿತು. ಬೆಂದ ಗೂಡಿನ ವಾಸನೆ ಕೂದಲಿಗೆ ಹತ್ತಿ, ಬಸ್ಸಿನಲ್ಲಿ ಪಕ್ಕದವರು ಮೂಗು ತಿರುಗಿಸಿ ಕೂರುತ್ತಿದ್ದರು.

ಸಾದಲಿಯ ಹತ್ತಿರದ ಫಿಲೇಚರ್ ನಮಗೆ ನೂಲು ಕೊಡುವವರಲ್ಲೆಲ್ಲ ಒಳ್ಳೆಯ ಹೆಸರಿನದು. ಬಿಳಿ ಟೈಲ್ಸ್, ಗೋಡೆಗೆ ಬೆಂಕಿ ಆರಿಸುವ ಸಿಲಿಂಡರ್, ಕುಡಿಯುವ ನೀರಿನ ಫಿಲ್ಟರ್. ಸುತ್ತಲ ಹಳ್ಳಿಯ ಹೆಂಗಸರು ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದರು. ನನ್ನ ಚಪ್ಪಲಿ, ನನ್ನ ಮದುವೆಯ ಮಾತು, ಯಾವುದನ್ನೂ ಬಿಡದೆ ಕೆಣಕುತ್ತಿದ್ದರು. ಯಜಮಾನ ನಡುವಯಸ್ಸಿನ ನಯವಾದ ಮನುಷ್ಯ. ನಾವು ಹೋಗುವ ಮುಂಚೆ ಫೋನ್ ಮಾಡಿ ತಿಳಿಸುವುದು ಪದ್ಧತಿ. ಹೋದಾಗ ಬಿಸಿ ಬೋಂಡ ಕಾದಿರುತ್ತಿತ್ತು. ಹುರಿ ಹಾಕಿಸುವುದು ಚಿಂತಾಮಣಿಯ ಭಾವಮೈದುನನ ಯೂನಿಟ್ಟಿನಲ್ಲಿ ಎಂದು ಹೇಳಿ ನನ್ನನ್ನು ಕರೆದೊಯ್ದು ಅದನ್ನೂ ತೋರಿಸಿದ್ದರು. ಫಿಲೇಚರಿನ ಹಿಂದಿದ್ದ ತಗಡಿನ ಶೆಡ್ಡು ಗೋಡೌನ್ ಎಂದಿದ್ದರು. ಮುಂದಿನ ಹಾಲಿನಲ್ಲಿ ಮಿಷನ್‌ಗಳ ಗದ್ದಲ ಎಷ್ಟಿತ್ತೆಂದರೆ ಪಕ್ಕದವರ ಮಾತಿಗೇ ಕಿವಿ ಕೊಡಬೇಕಿತ್ತು. ಗೋಡೆಯಾಚೆಯದು ಕೇಳುವ ಮಾತೇ ಇರಲಿಲ್ಲ.

ಹೋದ ವರ್ಷ ಆಯುಧಪೂಜೆಗೆ ಅವರೇ ಕರೆದರು. "ಮೇಡಂ, ವರ್ಷವೆಲ್ಲಾ ಚೆಕಿಂಗ್‌ಗೇ ಬರ್ತೀರ. ಒಂದ್ಸಲ ಊಟಕ್ಕೂ ಬನ್ನಿ."

ಮ್ಯಾನೇಜರು ಹೋಗಿ ಬಾ ಎಂದರು. ಕಂಪನಿ ಕಾರಿನ ಡ್ರೈವರ್ ಮುರುಗಮಲ್ಲದ ಹಿರಿಯರು, ನಾನು ಚಾಚಾ ಎನ್ನುತ್ತೇನೆ. ಅವರ ಮನೆಯವರದು ದರ್ಗಾ ರಸ್ತೆಯಲ್ಲಿ ಹೂವಿನಂಗಡಿ. ಫಿಲೇಚರ್ ಮುಂದೆ ಕಾರು ನಿಲ್ಲಿಸುತ್ತಿದ್ದಂತೆ ಯಜಮಾನರು ತಾವೇ ಬಂದು ಅದಕ್ಕೂ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ಚಾಚಾ ಹಾರವನ್ನು ಮುಟ್ಟಿ ನೋಡಿ ನನ್ನ ಕಿವಿಯಲ್ಲಿ, "ಚೆಂಡುಹೂವು ನಿನ್ನೇದಮ್ಮ. ನೀರು ಚಿಮುಕಿಸಿ ಹೊಸದು ಮಾಡವ್ರೆ" ಎಂದರು.

ಒಳಗೆ ಎಲ್ಲ ನಿಂತಿತ್ತು. ಮಿಷನ್‌ಗಳನ್ನು ತೊಳೆದು ವಿಭೂತಿ ಬಳಿದಿದ್ದರು. ಹಾಲಿನ ನಡುವೆ ಬಾಳೆಎಲೆ ಹಾಸಿ ಸ್ಪ್ಯಾನರ್, ಕತ್ತರಿ, ತಕ್ಕಡಿ, ಕುಡುಗೋಲು, ಅಡುಗೆಮನೆಯ ಈಳಿಗೆಮಣೆ ಎಲ್ಲವನ್ನೂ ಸಾಲಾಗಿ ಜೋಡಿಸಿತ್ತು. ಯಜಮಾನರ ತಾಯಿ ಮಣೆ ಹಾಕಿಕೊಂಡು ಕೂತು ಒಂದೊಂದಕ್ಕೂ ಕುಂಕುಮ ಇಡುತ್ತಿದ್ದರು. ಸಾಲಿನ ನಡುವೆ ಒಂದು ಬೀಗವಿತ್ತು. ನನ್ನ ಅಂಗೈಗಿಂತ ದೊಡ್ಡದು, ಎಣ್ಣೆ ಕುಡಿದು ಕಪ್ಪಾದದ್ದು.

"ಬೀಗಕ್ಕೂ ಪೂಜೆನಾ ಅಜ್ಜಿ?"

"ಅದೂ ದುಡಿಯೋದೇ ಅಲ್ವೇನಮ್ಮ? ಹಗಲೂ ರಾತ್ರಿ ಹಿಂದಿನ ಶೆಡ್ಡು ಕಾಯೋದು ಅದೇ. ಇವತ್ತೊಂದು ದಿನ ಅದಕ್ಕೂ ರಜ."

ಮನೆಯ ಬೀಗ, ಬೈಕಿನ ಸರಪಳಿಯದು, ಬೀರುವಿನ ಕೀಲಿ ಎಲ್ಲ ಅದರ ಪಕ್ಕ ಕುಂಕುಮ ಇಟ್ಟುಕೊಂಡು ಕೂತಿದ್ದವು. ನಮ್ಮ ಕಡೆ ಆ ದಿನ ಪೂಜೆಗಿಟ್ಟದ್ದನ್ನು ಮಾರನೆಯ ದಿನ ಮತ್ತೆ ಪೂಜೆ ಮಾಡಿ ತೆಗೆಯುವವರೆಗೆ ಯಾರೂ ಮುಟ್ಟುವುದಿಲ್ಲ. ನಮ್ಮಪ್ಪ ಪೆನ್ನು ಪೂಜೆಗಿಟ್ಟು, ಅಂಗಡಿಯವರಿಗೆ ಪೆನ್ಸಿಲ್ಲಿನಲ್ಲಿ ಚೀಟಿ ಬರೆದುಕೊಡುತ್ತಿದ್ದರು. ಹಾಗಾಗಿ ಆ ಬೀಗ ನೋಡಿ ನನಗೇನೂ ಅನ್ನಿಸಲಿಲ್ಲ. ಚಿತ್ರಾನ್ನದ ಬಟ್ಟಲು ಹಿಡಿದು ಗೋಡೆಗೊರಗಿ ನಿಂತಿದ್ದೆ. ಮಂಗಳಾರತಿಗೆ ಮುಂಚಿನ ಆ ನಿಶ್ಶಬ್ದದಲ್ಲಿ ಗೋಡೆಯಾಚೆ ಯಾರೋ ವಾಂತಿ ಮಾಡಿಕೊಳ್ಳುವುದು ಕೇಳಿತು. ಹೆಂಗಸು. ಬಳೆಯ ಸದ್ದೂ ಕೇಳಿತು.

ಗೋಡೌನಿನಲ್ಲಿ ಬಳೆ ತೊಟ್ಟವರು ಯಾರು?

ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದೆ. ಶೆಡ್ಡಿನ ಬಾಗಿಲಿಗೆ ಬರೀ ಚಿಲಕ ಹಾಕಿತ್ತು, ಬೀಗ ನೇತಾಡಬೇಕಾದ ಕೊಂಡಿ ಖಾಲಿ. ಚಿಲಕ ಸರಿಸಿ ಒಳಗೆ ಕಾಲಿಟ್ಟೆ. ಉದ್ದಕ್ಕೆ ಹುರಿ ಮಿಷನ್‌ಗಳ ಸಾಲು. ನಾವು ಕೊಳ್ಳುವ ನೂಲೇ, ಅದೇ ಬಣ್ಣದ ಗುರುತಿನ ಕದಿರುಗಳು. ಮಿಷನ್‌ಗಳ ನಡುವಿನ ಜಾಗದಲ್ಲಿ ಚಾಪೆ, ಸೀರೆ ಕಟ್ಟಿದ ಹಗ್ಗ, ಸೀಮೆಎಣ್ಣೆ ಸ್ಟೌವು. ಚಾಪೆಗಳ ಮೇಲಿದ್ದ ಗಂಡಸರು ಹೆಂಗಸರು ಎದ್ದು ನಿಂತರು. ಕಿಟಕಿಯ ಕೆಳಗೆ ಒಬ್ಬ ತುಂಬು ಗರ್ಭಿಣಿ ಬಕೆಟ್ಟಿಗೆ ಬಗ್ಗಿದ್ದವಳು ತಲೆ ಎತ್ತಿದಳು. ನನ್ನನ್ನಲ್ಲ, ನನ್ನ ಹಿಂದೆ ತೆರೆದಿದ್ದ ಬಾಗಿಲನ್ನು ನೋಡಿದಳು.

"ಬೀಗಂ ಲೇದಾ ಅಕ್ಕಾ?"

ಬೀಗ ಇಲ್ಲವೇ ಎಂದು ಕೇಳುತ್ತಿದ್ದಳು. ಬೆಳಗಿನಿಂದ ಇರಲಿಲ್ಲ. ಒಳಗಿರುವವರಿಗೆ ಅದು ತಿಳಿಯುವುದು ಹೇಗೆ? ತಳ್ಳಿದರೆ ಬಾಗಿಲು ಬರುವುದಿಲ್ಲ, ಅಷ್ಟೇ.

ಅವಳೂ ಅವಳ ಗಂಡನೂ ಗಡಿಯಾಚೆಯ ಹಳ್ಳಿಯವರು. ಮದುವೆಗೆಂದು ಮುಂಗಡ ತೆಗೆದುಕೊಂಡು ಕೆಲಸಕ್ಕೆ ಬಂದವರು. ಬಂದ ದಿನವೇ ಫೋನ್, ಆಧಾರ್ ಕಾರ್ಡ್ ಯಜಮಾನರ ಬೀರು ಸೇರಿದ್ದವು. ಸಂತೆಗೆ ಹೋಗಬೇಕಾದರೂ ಒಬ್ಬರು ಹೋಗಿ ಒಬ್ಬರು ಒಳಗಿರಬೇಕು. ಚೊಚ್ಚಲ ಹೆರಿಗೆ, ತವರಿಗೆ ಹೋಗಬೇಕು. ಕೇಳಿದ್ದಕ್ಕೆ, ನಿನ್ನ ಜಾಗಕ್ಕೆ ಇನ್ನೊಬ್ಬಳು ಬರಲಿ, ಇಲ್ಲದಿದ್ದರೆ ಇಲ್ಲೇ ಆಗಲಿ, ಊರಲ್ಲಿ ಸೂಲಗಿತ್ತಿ ಇದ್ದಾಳೆ ಎಂದಿದ್ದರಂತೆ.

"ಅಮ್ಮ ದಗ್ಗರಿಕಿ ಪೋವಾಲಕ್ಕಾ" ಎಂದಳು. ಅಮ್ಮನ ಹತ್ತಿರ ಹೋಗಬೇಕು. ಇನ್ನೇನೂ ಕೇಳಲಿಲ್ಲ. ಸಂಬಳದ ಮಾತಿಲ್ಲ, ದೂರಿಲ್ಲ. ಹೊಟ್ಟೆ ಇಳಿದಿತ್ತು. ನಾನು ಹೆತ್ತವಳಲ್ಲ, ಆದರೂ ಹೆಚ್ಚು ದಿನ ಉಳಿದಿಲ್ಲವೆಂದು ಕಾಣುತ್ತಿತ್ತು.

"ಹೊರಡು, ನಮ್ಮ ಕಾರಿದೆ" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಯಜಮಾನರು ನಿಂತಿದ್ದರು. ಹಣೆಯಲ್ಲಿ ಕುಂಕುಮ, ಹೆಗಲ ಮೇಲೆ ಹೊಸ ಶಲ್ಯ. ಧ್ವನಿ ಏರಲಿಲ್ಲ.

"ಮೇಡಂ, ಪೂಜೆಗೆ ಬಂದೋರು ಪೂಜೆ ನೋಡ್ಕಂಡು ಹೋಗ್ಬೇಕು."

"ಇವರನ್ನ ಕರ್ಕೊಂಡು ಹೋಗ್ತೀನಿ."

"ಯಾರನ್ನ? ಇವರೆಲ್ಲ ನಮ್ಮ ಮನೆ ಮಕ್ಕಳಿದ್ದಂಗೆ."

"ಮನೆ ಮಕ್ಕಳಿಗೆ ಹೊರಗಿಂದ ಚಿಲಕ ಹಾಕ್ತೀರಾ?"

ಅವರು ಹೊರಕ್ಕೆ ಸರಿದರು. ಬಾಗಿಲು ಎಳೆದರು. ಕಬ್ಬಿಣ ಉಜ್ಜಿತು, ಟಕ್ ಎಂದಿತು. ಹೊರಗೆ ಅವರು ಯಾರಿಗೋ ಹೇಳಿದರು: "ಕರೆಂಟ್ ತೆಗಿಯೋ. ಟೆಂಪೋ ತರಿಸು, ಇವರನ್ನೆಲ್ಲಾ ಚಿಂತಾಮಣಿಗೆ ಸಾಗಿಸಿಬಿಡಣ."

ಫ್ಯಾನ್ ನಿಂತಿತು. ಇದ್ದೊಂದು ಬಲ್ಬೂ ಹೋಯಿತು. ತಗಡಿನ ಕೆಳಗೆ ಸೆಖೆ ಕೂಡಲೇ ಏರಿತು. ನಾನೀಗ ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ. ಅವರು ಬಾಗಿಲು ತೆರೆದು ಎಲ್ಲರನ್ನೂ ಟೆಂಪೋಗೆ ಹತ್ತಿಸಿದರೆ, ನಾಳೆ ಅಧಿಕಾರಿಗಳು ಬಂದಾಗ ಇದು ನಿಜವಾಗಿಯೂ ಗೋಡೌನ್ ಆಗಿರುತ್ತದೆ. ನಾನು ಕಂಡದ್ದನ್ನು ಯಾರು ನಂಬುತ್ತಾರೆ? ಇವಳನ್ನು ಯಾವ ಶೆಡ್ಡಿನಲ್ಲಿ ಹುಡುಕುವುದು? ನನ್ನನ್ನೂ ಹತ್ತಿಸಿದರೆ? ಫೋನ್ ಎತ್ತಿದೆ. ಕರೆ ಹೋಗಿ ಹೋಗಿ ಕಡಿಯುತ್ತಿತ್ತು. ಚಾಚಾಗೆ ಧ್ವನಿ ಸಂದೇಶ ಕಳಿಸಿದೆ, ಏನು ಹೇಳಿದೆನೋ ನೆನಪಿಲ್ಲ. ಹೋಯಿತೋ ಇಲ್ಲವೋ ತಿಳಿಯಲಿಲ್ಲ. ಆ ಹುಡುಗಿ ಕತ್ತಲಲ್ಲಿ ನನ್ನ ಮೊಣಕೈ ಹಿಡಿದಳು. ಅವಳ ಉಸಿರು ಎಳೆದೆಳೆದು ಬರುತ್ತಿತ್ತು.

ಗೋಡೆಯ ಮೇಲ್ಗಡೆ ಜಾಲರಿ ಕಿಟಕಿ. ಅದರಿಂದ ಹಾಲಿನ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಮಿಷನ್‌ಗಳು ನಿಂತಿದ್ದವಲ್ಲ.

"ಅಮ್ಮಾ, ಆ ಬೀಗ ಕೊಡು."

"ಪೂಜೆಗಿಟ್ಟಿದ್ದು ಕಣೋ."

"ಇರ್ಲಿ ಕೊಡು. ಟೆಂಪೋ ಬರೋವರೆಗೆ ಹಾಕ್ಬೇಕು, ನಾನು ಇಲ್ಲೇ ನಿಂತ್ಕಂಡಿರಕ್ಕಾಯ್ತದಾ?"

"ನಾಳೆ ಮಂಗಳಾರತಿ ಆಗ್ಲಿ."

"ಮನೇದಾದ್ರೂ ಕೊಡಮ್ಮ!"

"ಎಲ್ಲಾ ಇಲ್ಲೇ ಇಟ್ಟಿದೀನಿ. ಬೈಕಿಂದೂ ಇಲ್ಲೇ ಅದೆ. ನಿಮ್ಮಪ್ಪ ಹಿಂಗೇ ಹಬ್ಬದ ದಿನ ಸ್ಪ್ಯಾನರ್ ಎತ್ತಿ ಬೆರಳು ಕಳ್ಕಂಡಿದ್ದು ಮರ್ತೋಯ್ತಾ ನಿಂಗೆ?"

"ಅಮ್ಮಾ, ಪೊಲೀಸು ಗಿಲೀಸು ಅಂತ ಆಯ್ತದೆ ಕಣಮ್ಮ!"

"ಮುಟ್ಟು ನೋಡಣ. ನಾನು ಕೂತಿದೀನಲ್ಲ."

ಯಜಮಾನರು ಮುಟ್ಟಲಿಲ್ಲ. ಇಷ್ಟು ಜನರನ್ನು ಕೂಡಿಹಾಕಿ ಇಟ್ಟುಕೊಳ್ಳಲು ಹಿಂಜರಿಯದ ಮನುಷ್ಯ, ಕುಂಕುಮ ಇಟ್ಟ ಒಂದು ಬೀಗ ಎತ್ತಲು ಹೆದರಿ ನಿಂತರು. ನನಗೆ ಅಂಥ ಸ್ಥಿತಿಯಲ್ಲೂ ನಗು ಬಂತು. ಆ ಹುಡುಗಿಗೆ ಕನ್ನಡ ಅಷ್ಟಾಗಿ ತಿಳಿಯದು. ಯಾಕೆ ನಗುತ್ತೀಯ ಎಂಬಂತೆ ನನ್ನ ಕೈ ಅಲ್ಲಾಡಿಸಿದಳು. ಪಿಸುಮಾತಿನಲ್ಲಿ ಹೇಳಿದೆ. ಅವಳ ಗಂಡ ಮೊದಲು ನಕ್ಕ, ಆಮೇಲೆ ಅವಳು.

ಹೊರಗೆ ರಸ್ತೆಯಲ್ಲಿ ಟೆಂಪೋ ಬಂದ ಸದ್ದು ಕೇಳಿತು. ನಗು ನಿಂತಿತು. ಒಂದೆರಡು ಸಲ ಹಾರ್ನ್ ಆಯಿತು. ಆಮೇಲೆ ಜಗಳದ ದನಿ. ಟೆಂಪೋ ಒಳಗೆ ಬಾರದಂತೆ ಗೇಟಿನ ಅಡ್ಡಕ್ಕೆ ನಮ್ಮ ಕಾರು ನಿಂತಿತ್ತು. ನನ್ನ ಸಂದೇಶ ಚಾಚಾಗೆ ತಲುಪಿತ್ತು. ತಲುಪಿದ ಕೂಡಲೇ ಅವರು ಕಾರನ್ನು ಗೇಟಿನಲ್ಲಿ ಅಡ್ಡ ನಿಲ್ಲಿಸಿ, ಚಕ್ರದ ಕೆಳಗಿನ ನಿಂಬೆಹಣ್ಣುಗಳನ್ನು ಹೊಸ ಜಾಗದಲ್ಲಿ ಮತ್ತೆ ಚಕ್ರಕ್ಕಿಟ್ಟು, ಕೀಲಿ ಜೇಬಿಗೆ ಹಾಕಿಕೊಂಡಿದ್ದರು. ಆಮೇಲೆ ಮ್ಯಾನೇಜರಿಗೂ ಪೊಲೀಸಿಗೂ ಫೋನ್ ಮಾಡಿದ್ದರು.

"ಕಾರು ತೆಗೀರಿ ಸಾಬ್ರೇ!"

"ಹೆಂಗೆ ತೆಗೀಲಿ ಯಜಮಾನ್ರೇ? ನೀವೇ ಹಾರ ಹಾಕಿ, ನೀವೇ ನಿಂಬೆಹಣ್ಣಿಡಿಸಿದ್ರಿ. ಇವತ್ತು ಗಾಡಿಗೆ ಹಬ್ಬ. ಅಲ್ಲಾಡ್ಸಿದ್ರೆ ನಿಮಗೇ ಕೆಟ್ಟದಲ್ವಾ?"

ಹೊಸ ಸೀರೆ ಉಟ್ಟು ಪೂಜೆಗೆ ಬಂದಿದ್ದ ಫಿಲೇಚರಿನ ಹೆಂಗಸರು ಅಷ್ಟು ಹೊತ್ತಿಗೆ ಹಿತ್ತಲಿಗೆ ಬಂದು ಸೇರಿದ್ದರು. ಒಬ್ಬಳ ದನಿ ಕೇಳಿತು: "ಒಳಗಡೆ ಬಸುರಿ ಅವ್ಳೆ, ಕರೆಂಟ್ ತೆಗ್ಸವ್ರಲ್ಲ, ಇವ್ರಿಗೇನು ಹೆಣ್ಮಕ್ಳಿಲ್ವಾ?" ಇನ್ನೊಬ್ಬಳು, "ಹಬ್ಬದ ದಿನ, ಥೂ" ಎಂದಳು. ಯಜಮಾನರು ಏನೋ ಹೇಳಲು ಹೋದರು, ಹೆಂಗಸರ ದನಿ ಅದನ್ನು ಮುಳುಗಿಸಿತು. ಚಾಚಾರ ಚಪ್ಪಲಿ ಸದ್ದು ಬಾಗಿಲವರೆಗೆ ಬಂತು.

"ಮೇಡಂ, ಊಟ ಆಯ್ತಾ? ಹೊರಡಣ್ವಾ?"

ಚಿಲಕ ಸರಿಯಿತು. ಬೀಗವಿದ್ದಿದ್ದರೆ ಕೀಲಿ ಬೇಕಾಗುತ್ತಿತ್ತು. ಚಿಲಕಕ್ಕೆ ಚಾಚಾರ ಎರಡು ಬೆರಳು ಸಾಕಾದವು.

ಎಲ್ಲರೂ ಹೊರಗೆ ಬಂದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ವಿಭೂತಿ ಬಳಿದ ಮಿಷನ್‌ಗಳ ನಡುವೆ ಹಾದು, ಹಾಲಿನಲ್ಲಿ ಕೂತರು. ಅಜ್ಜಿ ಬೀಗದ ಮುಂದಿನಿಂದ ಏಳದೆ ಆ ಹುಡುಗಿಯನ್ನು ಹತ್ತಿರ ಕರೆದು ಕುಂಕುಮ ಇಟ್ಟರು. ನನಗೆ ಸಹಿಸಲಾಗಲಿಲ್ಲ.

"ಅಜ್ಜಿ, ನಿಮಗೆ ಗೊತ್ತಿತ್ತು. ಇಷ್ಟು ದಿನ ಯಾಕೆ ಸುಮ್ಮನಿದ್ರಿ?"

"ಮಗ ಕಣಮ್ಮ" ಎಂದರು. ಆಮೇಲೆ ಕುಂಕುಮದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೂತರು. ಅವರು ಪದ್ಧತಿಗೆ ಅಂಟಿಕೊಂಡರೋ, ಪದ್ಧತಿಯನ್ನು ನೆಪ ಮಾಡಿಕೊಂಡರೋ ನನಗೆ ಇಂದಿಗೂ ತಿಳಿಯದು. ಕೃತಜ್ಞತೆ ಇದೆ, ಸಿಟ್ಟೂ ಇದೆ. ಎರಡನ್ನೂ ಹಾಗೇ ಇಟ್ಟುಕೊಂಡಿದ್ದೇನೆ.

ಪೊಲೀಸ್ ಜೀಪು ಬಂದಾಗ ಅದರ ಮುಂದೆ ಬಾಳೆಕಂಬ ಕಟ್ಟಿತ್ತು. ಇಳಿದ ಪೇದೆ ಬರಿಗೈಲಿದ್ದ. ಚಾಚಾ ಬಿಡಲಿಲ್ಲ: "ಲಾಠಿ ಎಲ್ಲಪ್ಪಾ?" "ಪೂಜೆಗಿಟ್ಟಿದೀವಿ ಸಾಬ್ರೇ" ಎಂದ ಆತ, ನಾಚಿಕೊಂಡು. ಹಿಂದೆಯೇ ತಹಶೀಲ್ದಾರರು ಬಂದರು, ರೇಷ್ಮೆ ಸೀರೆಯಲ್ಲಿದ್ದ ಗಟ್ಟಿ ಹೆಂಗಸು. ಯಜಮಾನರು ಅವರ ಮುಂದೆ ಮುಂಗಡದ ಮಾತು, ನಂಬಿಕೆಯ ಮಾತು, ಊಟ ವಸತಿ ಕೊಟ್ಟ ಮಾತು ಎಲ್ಲ ಆಡಿದರು. ಅವರು ಪೂರ್ತಿ ಕೇಳಿ, "ನೀವು ಏನಾದ್ರೂ ಕರೀರಿ. ಬಿಟ್ಟು ಹೋಗೋಕೆ ಆಗಲ್ಲ ಅಂದ್ರೆ ಅದು ಜೀತ" ಎಂದರು. ಬೀರುವಿನ ಕೀಲಿ ಬೀಗದ ಜೊತೆಯಲ್ಲೇ ಎಲೆಯ ಮೇಲಿತ್ತು. ಅಜ್ಜಿ ತಾವೇ ಒಂದು ಚಿಟಿಕೆ ಅಕ್ಷತೆ ಹಾಕಿ ಅದನ್ನು ಎತ್ತಿಕೊಟ್ಟರು. ಕಾರ್ಡುಗಳೂ ಫೋನುಗಳೂ ಆಯಾ ಕೈ ಸೇರಿದವು. ಆ ಹುಡುಗಿಯ ಗಂಡ ಫೋನನ್ನು ಅಂಗಿಗೆ ಒರೆಸಿ ಒರೆಸಿ ನೋಡುತ್ತಿದ್ದ, ಚಾರ್ಜ್ ಇರಲಿಲ್ಲ.

ಚಿಕ್ಕಬಳ್ಳಾಪುರದ ಉಪವಿಭಾಗಾಧಿಕಾರಿ ಕಚೇರಿಯಿಂದ ಎಲ್ಲರಿಗೂ ಬಿಡುಗಡೆ ಪತ್ರ ಸಿಕ್ಕಿತು. ಅದರಂತೆ ಆ ಮುಂಗಡವೇ ರದ್ದು, ಯಾರೂ ಕೇಳುವ ಹಾಗಿಲ್ಲ. ಹೇಳಿಕೆ ಕೊಟ್ಟ ಮೇಲೆ ಅವಳನ್ನೂ ಗಂಡನನ್ನೂ ಚಾಚಾ ಕಾರಿನಲ್ಲೇ ತವರಿಗೆ ಬಿಟ್ಟು ಬಂದರು. ಗುಂಡಿ ಬಂದಲ್ಲೆಲ್ಲ ಎತ್ತಿನಗಾಡಿಗಿಂತ ನಿಧಾನ ಓಡಿಸಿದೆ ಎಂದು ಈಗಲೂ ಹೇಳಿಕೊಳ್ಳುತ್ತಾರೆ.

ಕಂಪನಿಯೊಳಗಿನ ಜಗಳ ಅದಕ್ಕಿಂತ ದೊಡ್ಡದು. ಆ ಫಿಲೇಚರನ್ನು ಸದ್ದಿಲ್ಲದೆ ಕೈಬಿಟ್ಟು ಬೇರೆಯವರ ಹತ್ತಿರ ನೂಲು ಕೊಳ್ಳೋಣ ಎಂದರು ಕೆಲವರು. ನಾನು ಒಪ್ಪಲಿಲ್ಲ. ನಾವು ಬಿಟ್ಟರೆ ಅಂಥದೇ ನೂಲನ್ನು ಇನ್ನೊಬ್ಬರು ಕೊಳ್ಳುತ್ತಾರೆ, ಮುಂದಿನ ಹಾಲಿನ ಹೆಂಗಸರು ಸುಮ್ಮನೆ ಕೆಲಸ ಕಳೆದುಕೊಳ್ಳುತ್ತಾರೆ. ನಾವೇ ಪ್ರತಿ ಸಲ ಬೆಲೆ ಇಳಿಸಿ, ಬೇಗ ಬೇಕು ಎಂದು ಒತ್ತಿ, ಬೋಂಡ ತಿಂದು ಬಂದವರು. ಮ್ಯಾನೇಜರು ಮೇಜಿನ ಮೇಲಿನ ನೂಲಿನ ಲಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಕೊನೆಗೆ, "ಆಯ್ತಮ್ಮ, ಏನ್ಮಾಡ್ಬೇಕು ಹೇಳು" ಎಂದರು.

ಹುರಿಯವರಿಗೆ ಬರಬೇಕಾದ ಸಂಬಳವನ್ನು ಯಜಮಾನರೂ ಕಂಪನಿಯೂ ಸೇರಿ ಕೊಟ್ಟೆವು. ಈಗ ನಮಗೆ ನೂಲು ಕೊಡುವವರಲ್ಲಿ ಯಾರೂ ಕೆಲಸಗಾರರ ಕಾರ್ಡು, ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಸಂಬಳ ಅವರವರ ಖಾತೆಗೇ ಹೋಗಬೇಕು. ಅಷ್ಟು ಮಾಡಲು ಸಾಲುವ ಬೆಲೆ ನಾವು ಕೊಡುತ್ತೇವೆ. ಫೋನ್ ಮಾಡಿ ಹೋಗುವ ಪದ್ಧತಿ ನಿಂತಿದೆ. ಸಾದಲಿಯ ಯಜಮಾನರ ಮೇಲಿನ ಕೇಸು ನಡೆಯುತ್ತಿದೆ. ಫಿಲೇಚರನ್ನು ಅವರ ತಮ್ಮ ನೋಡಿಕೊಳ್ಳುತ್ತಾರೆ. ಹಿಂದಿನ ಶೆಡ್ಡಿನ ಬಾಗಿಲಿನಿಂದ ಚಿಲಕ, ಕೊಂಡಿ ಎರಡನ್ನೂ ಬಿಚ್ಚಿಸಿದ್ದೇವೆ. ಹುರಿ ಮಿಷನ್‌ಗೆ ಈಗ ಬರುವವರು ಸಂಜೆ ಮನೆಗೆ ಹೋಗುತ್ತಾರೆ.

ಯಾವ ಯೂನಿಟ್ಟಿಗೆ ಹೋದರೂ ನಾನು ಮೊದಲು ಕೇಳುವುದು ಒಂದೇ: ಮಿಷನ್‌ಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿ. ಚಿಂತಾಮಣಿಯ ಬೇರೊಬ್ಬ ಮಾಲೀಕರು ತಲೆ ಕೆರೆದುಕೊಂಡರು. "ಬಂದೋರೆಲ್ಲಾ ಓಡ್ಸಿ ತೋರ್ಸಿ ಅಂತಾರೆ, ನೀವೊಬ್ರು ನಿಲ್ಸಿ ಅಂತೀರಲ್ಲಮ್ಮ!" ಅವರು ನಿಲ್ಲಿಸಿದರು. ನಾನು ನಿಂತು ಕೇಳಿದೆ. ಹಿತ್ತಲಲ್ಲಿ ಕೋಳಿ ಕೂಗುತ್ತಿತ್ತು, ಬೇರೇನೂ ಇರಲಿಲ್ಲ. ಹಿಂದಿನ ಬಾಗಿಲು ತೆರೆದೇ ಇತ್ತು. ಅಂಥ ದಿನ ಬಸ್ಸಿನಲ್ಲಿ ಯಾರು ಮೂಗು ತಿರುಗಿಸಿದರೂ ನನಗೆ ಲೆಕ್ಕಕ್ಕಿಲ್ಲ.

ಮಗು ಹುಟ್ಟಿದ ಮೇಲೆ ನೋಡಲು ಹೋಗಿದ್ದೆ. ಹೆಣ್ಣು, ತಲೆ ತುಂಬ ಕೂದಲು. ಆ ಹುಡುಗಿಯ ಅಮ್ಮ ನನಗೆ ಒಬ್ಬಟ್ಟು ತಿನ್ನಿಸಿದ್ದು ಸಾಲದೆಂದು ಕಟ್ಟಿಯೂ ಕೊಟ್ಟರು. ಹೊರಗೆ ಅಂಗಳದಲ್ಲಿ ನೆಂಟರು ಗಿಜಿಗುಡುತ್ತಿದ್ದರು. ಮಗು ಅಳತೊಡಗಿದ್ದರಿಂದ ಅವಳು ಹಾಲು ಕೊಡಲು ಕೋಣೆಯ ಬಾಗಿಲು ಮುಂದೆ ಮಾಡಿದಳು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿತು, ಟಕ್ ಎಂದಿತು. ನಾನು ಎದ್ದು ನಿಂತಿದ್ದೆ, ಕೈಯಲ್ಲಿದ್ದ ಲೋಟದ ನೀರು ಸೀರೆಯ ಮೇಲೆ ಚೆಲ್ಲಿತ್ತು. ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತು. ಮಗುವನ್ನು ಒಂದು ತೋಳಿಗೆ ಸರಿಸಿ, ಇನ್ನೊಂದು ಕೈಯಿಂದ ಬಾಗಿಲನ್ನು ತೋರಿಸಿದಳು.

"ಅಕ್ಕಾ, ಗಡಿಯ ಲೋಪಲ ಉಂದಿ."

ಗಡಿಯ, ಅಂದರೆ ಚಿಲಕ, ಒಳಗಡೆ ಇತ್ತು. ಅವಳೇ ಹಾಕಿದ್ದಳು. ನನಗೆ ತೋರಿಸಲೆಂದು ಅದನ್ನು ಒಮ್ಮೆ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ಮಗು ಅಳು ನಿಲ್ಲಿಸಿ ಆ ಸದ್ದಿನ ಕಡೆಗೆ ತಲೆ ತಿರುಗಿಸಿತು.